ಈಯಲಿರುವ ಕುದುರೆ

ಹಸುವನ್ನು ಕೊಳ್ಳುವವರು ಮೊದಲು ಕೇಳುವ ಪ್ರಶ್ನೆಗಳು ಎರಡು: ಎಷ್ಟನೆಯ ಸೂಲು? ಈಗ ಗಬ್ಬವೆ? ಕುದುರೆಯನ್ನು ಕೊಳ್ಳುವವರು ಸಾಮಾನ್ಯವಾಗಿ ಈ ಎರಡನ್ನೂ ಕೇಳುವುದಿಲ್ಲ. ಬಾಯಿ ತೆರೆಯಿಸಿ ಹಲ್ಲು ನೋಡುತ್ತಾರೆ, ಹಣೆಯಲ್ಲಿಯೂ ಎದೆಯಲ್ಲಿಯೂ ಸುಳಿಗಳು ಹೇಗೆ ಬಿದ್ದಿವೆಯೆಂದು ಪರೀಕ್ಷಿಸುತ್ತಾರೆ, ಗೊರಸೆತ್ತಿ ತಟ್ಟುತ್ತಾರೆ, ಒಂದಷ್ಟು ದೂರ ಓಡಿಸಿ ನಡಿಗೆಯನ್ನು ಒಪ್ಪುತ್ತಾರೆ. ಹಸುವಿನ ಬೆಲೆ ಅದರ ಹಾಲಿನಲ್ಲಿದೆ, ಕುದುರೆಯ ಬೆಲೆ ಅದರ ಕಾಲಿನಲ್ಲಿದೆ ಎಂಬ ಭಾವನೆಯೇ ಇದಕ್ಕೆ ಕಾರಣ. ಆದುದರಿಂದ ಒಂದು ಕುದುರೆಗೆ ಹಣ ಕೊಟ್ಟು ಎರಡು ಜೀವಗಳನ್ನು ಮನೆಗೆ ಹೊಡೆದುಕೊಂಡು ಬರುವುದು ಅಸಂಭವವೇನೂ ಅಲ್ಲ. ಹಾಗೆ ನಮ್ಮ ಮನೆಗೆ ಬಂದ ಕುದುರೆಯೊಂದು ಈಗ ಈಯಲಿದೆ. ಅದರ ವಿಷಯವಾಗಿ ನಾಲ್ಕು ಮಾತುಗಳನ್ನು ಶ್ರೋತೃಗಳ ಮುಂದೆ ಇಡಬೇಕೆಂದಿದ್ದೇವೆ.

ನಾವಿರುವುದು ಮಾಣಿಕನಗರದಲ್ಲಿ. ಬೀದರ ಜಿಲ್ಲೆಯ ಹುಮನಾಬಾದಿಗೆ ಸೇರಿದಂತಿರುವ ಈ ಊರು ಶ್ರೀ ಮಾಣಿಕಪ್ರಭುಗಳು (೧೮೧೭–೧೮೬೫) ನೆಲೆಸಿದ ಸ್ಥಳ. ಇಲ್ಲಿ ಪ್ರತಿ ವರ್ಷವೂ ಮಾರ್ಗಶಿರ ಮಾಸದಲ್ಲಿ ದತ್ತಜಯಂತಿಯ ಉತ್ಸವ ನಡೆಯುತ್ತದೆ. ಈ ಸಂಭ್ರಮ ಮುಗಿದ ಮೇಲೆ ಗಡಿಯಾಚೆ, ನಾಂದೇಡ ಜಿಲ್ಲೆಯ ಮಾಳೇಗಾಂವದಲ್ಲಿ ಖಂಡೋಬನ ಜಾತ್ರೆ ಕೂಡುತ್ತದೆ. ಖಂಡೋಬನೆಂದರೆ ನಮ್ಮ ಮೈಲಾರನೇ. ಕುದುರೆ ಆತನ ವಾಹನ. ಅದಕ್ಕೆ ತಕ್ಕಂತೆ ಅಲ್ಲಿ ಕುದುರೆಗಳ ದೊಡ್ಡ ಸಂತೆಯೂ ಸೇರುತ್ತದೆ. ಅದರ ಪಕ್ಕದಲ್ಲಿಯೇ ಕತ್ತೆಗಳ ವ್ಯಾಪಾರವೂ ಸಾಗುತ್ತದೆ. ಕತ್ತೆಯ ಮಾತನ್ನು ಶ್ರೋತೃಗಳು ನೆನಪಿನಲ್ಲಿಡಬೇಕು. ಮುಂದೆ ಅದರಿಂದ ಕೆಲಸವಿದೆ.

ಕಳೆದ ಜಾತ್ರೆಯಲ್ಲಿ ನಾವು ಕೊಂಡದ್ದು ಕಂದುಬಣ್ಣದ, ಮಟ್ಟಸವಾದ ಮೈಯ ಒಂದು ಹೆಣ್ಣುಕುದುರೆ. ಚಿಕ್ಕ ಗಾಡಿಗೆ ಹೂಡುವುದಕ್ಕೂ ಹುಡುಗರು ಸವಾರಿ ಕಲಿಯುವುದಕ್ಕೂ ಆದೀತೆಂಬುದು ನಮ್ಮ ಉದ್ದೇಶ. ಎರಡು ತಿಂಗಳು ಅದು ಸುಖವಾಗಿ ಕೆಲಸಮಾಡಿತು. ಫಾಲ್ಗುಣದ ಹೊತ್ತಿಗೆ ಜೀನಿನ ಪಟ್ಟಿ ಒಂದೊಂದೇ ರಂಧ್ರ ಹಿಂದಕ್ಕೆ ಸರಿಯತೊಡಗಿತು. ಕಣಿಕೆ ಹುರುಳಿಗಳ ಮಹಿಮೆಯೆಂದು ಮನೆಯವರು ಹೆಮ್ಮೆಪಟ್ಟರು. ಬೇರೊಂದು ಕಾರಣಕ್ಕಾಗಿ ಬಂದಿದ್ದ ಪಶುವೈದ್ಯರು ಅದರ ಪಕ್ಕೆಯನ್ನು ನೋಡಿ ನಿಂತರು, ಕೈಹಾಕಿ ಪರೀಕ್ಷಿಸಿದರು, ಗಬ್ಬವಾಗಿದೆ, ಆರು ತಿಂಗಳು ದಾಟಿರಬೇಕು ಎಂದರು. ಕುದುರೆಯ ಗರ್ಭ ಹಸುವಿನದಕ್ಕಿಂತ ಹೆಚ್ಚು ಗುಟ್ಟಿನದು. ಮೊದಲ ಐದಾರು ತಿಂಗಳು ಹೊರಗಿನ ಕಣ್ಣಿಗೆ ಅದು ಬಹುಮಟ್ಟಿಗೆ ಕಾಣುವುದೇ ಇಲ್ಲ. ಮರಿಯ ಬೆಳವಣಿಗೆಯ ಹೆಚ್ಚಿನ ಪಾಲು ನಡೆಯುವುದು ಕಡೆಯ ಮೂರು ತಿಂಗಳಲ್ಲಿ. ಹಾಗಾದರೆ ಜಾತ್ರೆಯ ದಿನವೇ ಅದು ಮೂರು ನಾಲ್ಕು ತಿಂಗಳ ಗಬ್ಬ. ಹಲ್ಲನ್ನೂ ಸುಳಿಯನ್ನೂ ಎಷ್ಟು ನೋಡಿದರೂ ಅದು ತಿಳಿಯುವಂತಿರಲಿಲ್ಲ.

ಗರ್ಭ ಕಟ್ಟಿದ ದಿನ ಗೊತ್ತಿದ್ದರೆ ಅಲ್ಟ್ರಾಸೌಂಡ್ ಯಂತ್ರದಿಂದ ಎರಡು ವಾರಗಳಲ್ಲಿಯೇ ಅದನ್ನು ನೋಡಬಹುದು. ಸುಮಾರು ನಲವತ್ತರಿಂದ ನೂರಿಪ್ಪತ್ತನೆಯ ದಿನದವರೆಗೆ ಕುದುರೆಯ ರಕ್ತದಲ್ಲಿ ಒಂದು ವಿಶೇಷ ಚೋದಕದ್ರವ್ಯ ಕಾಣಿಸುತ್ತದೆ. ಇದನ್ನು ಕೋಲ್ ಮತ್ತು ಹಾರ್ಟ್ ಎಂಬ ವಿಜ್ಞಾನಿಗಳು ೧೯೩೦ರಲ್ಲಿ ತೋರಿಸಿಕೊಟ್ಟರು. ನಮಗೆ ಆ ಕಾಲವೆಲ್ಲ ಮೀರಿಹೋಗಿತ್ತು. ಇನ್ನು ಮುಂದಿನ ಲೆಕ್ಕವೋ, ಅದೂ ಸುಲಭವಲ್ಲ. ಕುದುರೆ ಹನ್ನೊಂದು ತಿಂಗಳು ಹೊರುತ್ತದೆಂಬುದು ವಾಡಿಕೆಯ ಮಾತು. ಸರಾಸರಿ ೩೪೦ ದಿನ. ಆದರೆ ೩೨೦ನೆಯ ದಿನ ಈದರೂ ಸರಿಯೆ, ೩೬೫ನೆಯ ದಿನ ಈದರೂ ಸರಿಯೆ. ಆರಂಭ ತಿಳಿದವರಿಗೇ ಕೊನೆ ಇಷ್ಟು ಸಡಿಲವಾದರೆ, ಆರಂಭವೇ ತಿಳಿಯದ ನಮಗೆ ಪಂಚಾಂಗದಿಂದ ಏನು ಪ್ರಯೋಜನ? ಶ್ರಾವಣ ಕಳೆಯುವುದರೊಳಗೆ ಎಂದಷ್ಟೇ ವೈದ್ಯರು ಹೇಳಿದ್ದಾರೆ. ಗೋಡೆಯ ಮೇಲಿನ ಪಂಚಾಂಗವನ್ನು ಬಿಟ್ಟು ಕುದುರೆಯ ಮೈಯನ್ನೇ ಓದುವುದು ನಮಗುಳಿದಿರುವ ದಾರಿ.

ಈ ಓದು ನಮ್ಮ ಸೀಮೆಗೆ ಹೊಸದಲ್ಲ. ಇಲ್ಲಿಗೆ ಸಮೀಪದ ಬಸವಕಲ್ಯಾಣವೇ ಹಿಂದಿನ ಚಾಳುಕ್ಯರ ರಾಜಧಾನಿಯಾದ ಕಲ್ಯಾಣ. ಆ ವಂಶದ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿಗೆ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಕುದುರೆಗಳ ಲಕ್ಷಣ, ಶಿಕ್ಷಣ, ಸವಾರಿಯ ವಿನೋದಗಳಿಗೆ ತಕ್ಕ ಸ್ಥಾನವಿದೆ. ಅದೇ ಮನೆತನದ ಕೀರ್ತಿವರ್ಮನು ಕನ್ನಡದಲ್ಲಿ 'ಗೋವೈದ್ಯ'ವನ್ನು ಬರೆದನು. ಅರಮನೆಯವರು ಕೊಟ್ಟಿಗೆ ಲಾಯಗಳ ವಿದ್ಯೆಯನ್ನು ಕೀಳೆಂದು ಬಗೆಯಲಿಲ್ಲವೆಂಬುದಕ್ಕೆ ಇವೆರಡೂ ಸಾಕ್ಷಿ.

ಆದರೂ ಈ ಪ್ರಾಂತಕ್ಕೆ ಬಂದ ಒಬ್ಬ ಪರದೇಶಿಯ ಅಭಿಪ್ರಾಯ ಬೇರೆಯಾಗಿತ್ತು. ರಷ್ಯದ ವರ್ತಕನಾದ ಅಫನಾಸಿ ನಿಕಿತಿನನು ಸುಮಾರು ೧೪೭೦ರಲ್ಲಿ, ಬಹಮನಿ ಸುಲ್ತಾನರ ಕಾಲದಲ್ಲಿ, ಒಂದು ಗಂಡುಕುದುರೆಯೊಡನೆ ಸಮುದ್ರ ದಾಟಿ ಬಂದು, ಅದನ್ನು ಬೀದರಿನಲ್ಲಿ ಮಾರಿದನು. ಆಳಂದದಲ್ಲಿ ವರ್ಷಕ್ಕೊಮ್ಮೆ ಹತ್ತು ದಿನ ಕೂಡುತ್ತಿದ್ದ ಸಂತೆಗೆ ಇಪ್ಪತ್ತು ಸಾವಿರದವರೆಗೆ ಕುದುರೆಗಳು ಬರುತ್ತಿದ್ದುವೆಂದು ಆತನು ಬರೆದಿಟ್ಟಿದ್ದಾನೆ. ಜೊತೆಗೆ ಈ ದೇಶದಲ್ಲಿ ಎತ್ತು ಎಮ್ಮೆಗಳು ಹುಟ್ಟುತ್ತವೆ, ಕುದುರೆಗಳು ಹುಟ್ಟುವುದಿಲ್ಲ ಎಂದೂ ಹೇಳಿದ್ದಾನೆ. ಹಡಗಿನಲ್ಲಿ ಬಂದಿಳಿಯುವ ಕುದುರೆಗಳ ವ್ಯಾಪಾರವನ್ನು ಕಂಡವನಿಗೆ ಹಾಗೆ ತೋರಿದ್ದು ಸಹಜವೇ. ಆದರೆ ಭೀಮಾನದಿಯ ತೀರದಲ್ಲಿ ಬೆಳೆದ ಗಿಡ್ಡಮೈಯ ಗಟ್ಟಿ ಕುದುರೆಗಳೇ ಮುಂದೆ ಮರಾಠರ ದಂಡನ್ನು ಹೊತ್ತುವು. ಭೀಮಥಡಿಯೆಂಬ ಆ ತಳಿ ಇತ್ತೀಚೆಗೆ ದೇಶದ ನೋಂದಾಯಿತ ತಳಿಗಳ ಪಟ್ಟಿಯಲ್ಲಿಯೂ ಸೇರಿದೆ. ನಮ್ಮ ಕುದುರೆಗೆ ವಂಶಾವಳಿಯ ಪತ್ರವೇನೂ ಇಲ್ಲ. ಆದರೂ ನಿಕಿತಿನನ ಮಾತಿಗೆ ಅದು ತನ್ನ ಪಾಲಿನ ಉತ್ತರವನ್ನು ಹೊಟ್ಟೆಯಲ್ಲಿ ಹೊತ್ತು ನಿಂತಿದೆ.

ಇನ್ನು ಕತ್ತೆಯ ವಿಷಯಕ್ಕೆ ಬರೋಣ. ಗಬ್ಬದ ಸುದ್ದಿ ತಿಳಿದೊಡನೆ ದಲ್ಲಾಳಿಯ ಮೂಲಕ ಮಾರಿದವರನ್ನು ವಿಚಾರಿಸಿದೆವು. ಅವರಿಗೂ ಅದು ಹೊಸ ಸುದ್ದಿಯೇ. ಮಳೆಗಾಲದಲ್ಲಿ ಕುದುರೆ ಕತ್ತೆಗಳೆಲ್ಲ ಒಂದೇ ಬಯಲಿನಲ್ಲಿ ಮೇಯುತ್ತಿದ್ದುವೆಂದು ಮಾತ್ರ ಹೇಳಿದರು. ಹುಟ್ಟುವುದು ಕುದುರೆಮರಿಯೋ ಹೇಸರಗತ್ತೆಯೋ ಹೇಳುವವರಿಲ್ಲ. ಬೀದಿಯ ಹುಡುಗರಿಗೆ ಇದೊಂದು ವಿನೋದ. ಕಿವಿ ಎಷ್ಟುದ್ದವೆಂದು ಪಂಥ ಕಟ್ಟುತ್ತಿದ್ದಾರೆ. ವೈದ್ಯರಿಗೆ ಮಾತ್ರ ಇದು ವಿನೋದವಾಗಿ ತೋರಲಿಲ್ಲ. ಅವರು ವಿವರಿಸಿದುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ಮನುಷ್ಯರಲ್ಲಿ ತಾಯಿಯ ರಕ್ತದ ರೋಗನಿರೋಧಕ ಶಕ್ತಿ ಗರ್ಭದಲ್ಲಿಯೇ ಶಿಶುವಿಗೆ ಸೇರುತ್ತದೆ. ಕುದುರೆಯಲ್ಲಿ ಹಾಗಲ್ಲ, ಮರಿಯು ಬರಿಗೈಯಲ್ಲಿ ಹುಟ್ಟುತ್ತದೆ. ಅದಕ್ಕೆ ಬೇಕಾದುದೆಲ್ಲ ಬರುವುದು ಗಿಣ್ಣುಹಾಲಿನಿಂದ. ಅದನ್ನು ಹೀರಿಕೊಳ್ಳುವ ಶಕ್ತಿಯೂ ಮರಿಯ ಕರುಳಿಗೆ ಒಂದು ದಿನ ಮಾತ್ರ ಇರುತ್ತದೆ. ಮೊದಲ ಆರೆಂಟು ಗಂಟೆಗಳೇ ಮುಖ್ಯ. ಆದರೆ ಕೆಲವು ವೇಳೆ ತಾಯಿಯ ದೇಹವು ಮರಿಯ ತಂದೆಯ ಕಡೆಯ ರಕ್ತಕಣಗಳನ್ನು ಶತ್ರುಗಳೆಂದು ತಿಳಿದು, ಅವುಗಳ ವಿರುದ್ಧ ವಿಷವನ್ನು ಗಿಣ್ಣಿನಲ್ಲಿಯೇ ತುಂಬಿರುತ್ತದೆ. ಮರಿ ಆರೋಗ್ಯವಾಗಿ ಹುಟ್ಟಿ, ಎದ್ದು, ಹಾಲು ಕುಡಿದು, ಒಂದೆರಡು ದಿನಗಳಲ್ಲಿ ಕಾಮಾಲೆಯಿಂದ ಕುಸಿಯುತ್ತದೆ. ಕುದುರೆಗೆ ಕುದುರೆಯಿಂದಲೇ ಹುಟ್ಟಿದ ಮರಿಗಳಲ್ಲಿ ಇದು ಬಹು ಅಪರೂಪ. ತಂದೆ ಕತ್ತೆಯಾದರೆ ಸುಮಾರು ಹತ್ತರಲ್ಲಿ ಒಂದರಂತೆ ಸಂಭವಿಸುತ್ತದೆ. ಅದರಲ್ಲಿಯೂ ತಾಯಿ ಹಿಂದೊಮ್ಮೆ ಹೇಸರಗತ್ತೆಯನ್ನು ಈದಿದ್ದರೆ ಭಯ ಹೆಚ್ಚು. ನಮ್ಮ ಕುದುರೆಯ ಹಿಂದಿನ ಸೂಲುಗಳ ಕಥೆ ಯಾರಿಗೂ ತಿಳಿಯದು. ಮರಿಯನ್ನು ಉಳಿಸಬೇಕಾದ ಹಾಲೇ ಅದನ್ನು ಕೊಲ್ಲಬಹುದು. ಆ ಭಯದಿಂದ ಹಾಲನ್ನೇ ತಡೆದರೆ ಬೇರೆ ರೋಗಗಳು ಕೊಲ್ಲಬಹುದು.

ಇದಕ್ಕೆ ಉಪಾಯವುಂಟು. ಮರಿ ಹುಟ್ಟಿದೊಡನೆ, ಮೊಲೆಗೆ ಬಾಯಿಡುವ ಮೊದಲು, ಅದರ ರಕ್ತದ ಕೆಲವು ತೊಟ್ಟುಗಳನ್ನು ತೆಗೆದು, ಉಪ್ಪುನೀರಿನಲ್ಲಿ ತೆಳುಮಾಡಿದ ತಾಯಿಯ ಗಿಣ್ಣಿನೊಡನೆ ಬೆರಸಿ ನೋಡಬೇಕು. ರಕ್ತಕಣಗಳು ಗಂಟುಕಟ್ಟದಿದ್ದರೆ ಕುಡಿಯಬಿಡಬಹುದು. ಗಂಟುಕಟ್ಟಿದರೆ ಒಂದೆರಡು ದಿನ ಮರಿಗೆ ಮೂಗುಬುಟ್ಟಿ ಕಟ್ಟಿ, ತಾಯಿಯನ್ನು ಕರೆದು ಚೆಲ್ಲುತ್ತ, ಮರಿಗೆ ಬೇರೊಂದು ಕುದುರೆಯ ಗಿಣ್ಣನ್ನು ಕೊಡಬೇಕು. ಹುಮನಾಬಾದಿನ ಟಾಂಗಾದವರೊಬ್ಬರ ಕುದುರೆ ವೈಶಾಖದಲ್ಲಿ ಈದಿತು. ಅದರ ಮರಿ ಕುಡಿದು ತೃಪ್ತವಾದ ಮೇಲೆ ಉಳಿದ ಗಿಣ್ಣಿನಲ್ಲಿ ಎರಡು ಬಾಟಲಿಗಳನ್ನು ಅವರು ನಮಗೆ ಕೊಟ್ಟರು, ಹಣವನ್ನು ಮುಟ್ಟಲಿಲ್ಲ. ಅವು ಈಗ ನಮ್ಮ ಮನೆಯ ಹಿಮಪೆಟ್ಟಿಗೆಯಲ್ಲಿ ಗಟ್ಟಿಯಾಗಿ ಕುಳಿತಿವೆ. ಅವುಗಳನ್ನು ಬಳಸಬೇಕಾದ ಪ್ರಸಂಗ ಬಾರದಿರಲೆಂಬುದೇ ನಮ್ಮ ಹಾರೈಕೆ.

ಈ ನಡುವೆ ಹಿತೈಷಿಗಳು ಇನ್ನೊಂದು ಉಪಾಯವನ್ನು ಹೇಳಿದರು. "ಒಂದಕ್ಕೆ ಕೊಟ್ಟ ಹಣಕ್ಕೆ ಎರಡು ಬಂದಿವೆ, ಗಬ್ಬವೆಂದು ಹೇಳಿ ಈಗಲೇ ಮಾರಿಬಿಡಿರಿ, ಲಾಭವಾದೀತು" ಎಂದರು. ಲೋಕವ್ಯವಹಾರದಲ್ಲಿ ಇದು ತಪ್ಪಲ್ಲ. ಆದರೆ ತುಂಬು ಗಬ್ಬದ ಪ್ರಾಣಿಯನ್ನು ಲಾರಿಯಲ್ಲಿ ನಿಲ್ಲಿಸಿ ಮತ್ತೊಂದು ಸಂತೆಗೆ ಸಾಗಿಸುವುದು ಅದಕ್ಕೂ ಮರಿಗೂ ಅಪಾಯ. ಅಲ್ಲದೆ ತಾಯಿ ಈಯಲಿರುವ ಲಾಯದ ಗಾಳಿ ನೀರುಗಳಿಗೆ ಕೆಲವು ವಾರಗಳಾದರೂ ಮೊದಲೇ ಒಗ್ಗಿದ್ದರೆ, ಆ ಸ್ಥಳದ ರೋಗಗಳಿಗೆ ತಕ್ಕ ರಕ್ಷಣೆ ಗಿಣ್ಣಿನಲ್ಲಿ ಕೂಡುತ್ತದೆ. ಮಾರುವ ಮಾತನ್ನು ಅಲ್ಲಿಗೇ ಕೈಬಿಟ್ಟೆವು.

ಈಗ ನಮ್ಮ ದಿನಚರಿ ಹೀಗಿದೆ. ಗಾಡಿ ಸವಾರಿಗಳು ನಿಂತಿವೆ. ಬೆಳಿಗ್ಗೆ ಸಂಜೆ ಮೆಲ್ಲನೆ ನಡೆಸುವುದು ಮಾತ್ರ ಉಂಟು. ಧನುರ್ವಾಯುವಿನ ಚುಚ್ಚುಮದ್ದು ಕಳೆದ ತಿಂಗಳು ಆಗಿದೆ. ಮೇವನ್ನು ಒಮ್ಮೆಲೆ ಹೆಚ್ಚಿಸದೆ ಹಂತಹಂತವಾಗಿ ಹೆಚ್ಚಿಸಿದ್ದೇವೆ. ಮಳೆಗಾಲವಾದುದರಿಂದ ಬೂಜು ಹಿಡಿದ ಕಣಿಕೆಯನ್ನು ಆರಿಸಿ ತೆಗೆಯುವುದೇ ಒಂದು ಕೆಲಸ. ಕಳೆದ ವಾರದಿಂದ ಕೆಚ್ಚಲು ತುಂಬುತ್ತಿದೆ. ಬಾಲದ ಬುಡದ ಎರಡು ಕಡೆಯೂ ಮಾಂಸ ಸಡಿಲವಾಗುತ್ತಿದೆ. ಮೊಲೆಯ ತುದಿಯಲ್ಲಿ ಮೇಣದಂತಹ ಹನಿ ಕಟ್ಟಿದರೆ ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಈಯುತ್ತದೆ, ಅದಿನ್ನೂ ಕಾಣಿಸಿಲ್ಲ.

ಕುದುರೆಗಳು ಹೆಚ್ಚಾಗಿ ಈಯುವುದು ರಾತ್ರಿಯಲ್ಲಿ, ಸುತ್ತಲೂ ಸದ್ದಡಗಿದ ಮೇಲೆ. ಆದುದರಿಂದ ಸರದಿಯ ಮೇಲೆ ಕಾವಲಿದ್ದೇವೆ; ದೀಪ ಮಂದ, ಮಾತು ಕಡಿಮೆ. ನೀರು ಒಡೆದ ಮೇಲೆ ಇಪ್ಪತ್ತು ಮೂವತ್ತು ನಿಮಿಷಗಳಲ್ಲಿ ಮರಿ ಹೊರಬೀಳಬೇಕು. ಒಂದು ಮುಂಗಾಲು ಸ್ವಲ್ಪ ಮುಂದೆ, ಇನ್ನೊಂದು ಹಿಂದೆ, ಅವುಗಳ ಮೇಲೆ ಮೂಗು. ಬಿಳಿಯ ಪೊರೆಗೆ ಬದಲಾಗಿ ಕೆಂಪು ಚೀಲ ಮೊದಲು ಕಂಡರೆ ತಡಮಾಡದೆ ಅದನ್ನು ಸೀಳಬೇಕು, ಇಲ್ಲವಾದರೆ ಮರಿಗೆ ಉಸಿರು ಸಿಕ್ಕುವುದಿಲ್ಲ. ಹುಟ್ಟಿದ ಒಂದು ಗಂಟೆಯೊಳಗೆ ಮರಿ ನಿಲ್ಲಬೇಕು, ಎರಡು ಗಂಟೆಯೊಳಗೆ ಹಾಲು ಕುಡಿಯಬೇಕು, ಮೂರು ಗಂಟೆಯೊಳಗೆ ತಾಯಿಯ ಮಾಸು ಬೀಳಬೇಕು. ಬೀಳದಿದ್ದರೆ ಎಳೆಯಬಾರದು, ವೈದ್ಯರನ್ನು ಕರೆಯಬೇಕು. ಈ ಒಂದು, ಎರಡು, ಮೂರನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಲಾಯದ ಬಾಗಿಲಿಗೆ ಅಂಟಿಸಿದ್ದೇವೆ. ಅಪರಾತ್ರಿಯಲ್ಲಿ ನೆನಪನ್ನು ನಂಬುವಂತಿಲ್ಲ. ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇರುವುದು ನಮ್ಮ ಭಾಗ್ಯ; ಕರೆಯಬೇಕಾದವರು ತೀರ ದೂರದಲ್ಲಿಲ್ಲ.

ಹೆಣ್ಣುಕುದುರೆಯನ್ನು ಕೊಳ್ಳುವವರು ಹಲ್ಲು ಸುಳಿಗಳ ಜೊತೆಗೆ ಗರ್ಭಪರೀಕ್ಷೆಯನ್ನೂ ಮಾಡಿಸುವುದು ಲೇಸು. ಬೆಲೆಯನ್ನು ಇಳಿಸುವುದಕ್ಕೋ ಏರಿಸುವುದಕ್ಕೋ ಈ ಮಾತನ್ನು ಹೇಳುತ್ತಿಲ್ಲ. ಸಿದ್ಧತೆಗೆ ಕಾಲ ದೊರೆಯಲೆಂದು ಹೇಳುತ್ತಿದ್ದೇವೆ. ನಮಗೆ ಐದು ತಿಂಗಳು ದೊರೆತುವು. ಎರಡು ಬಾಟಲಿ ಗಿಣ್ಣನ್ನು ಕೂಡಿಡುವುದಕ್ಕೆ ಅಷ್ಟು ಸಾಕಾಯಿತು. ಈಗ ಕೇಳಬೇಕೆಂದರೂ ಆ ಸೂಲಿನ ಗಿಣ್ಣು ಎಲ್ಲಿಯೂ ಸಿಕ್ಕುವುದಿಲ್ಲ. ಮರಿಯ ಕಿವಿ ಗಿಡ್ಡವಾಗಿರಲಿ, ಉದ್ದವಾಗಿರಲಿ, ಅದಕ್ಕೆ ನಮ್ಮ ಲಾಯದಲ್ಲಿ ಒಣಹುಲ್ಲು ಹಾಸಿದೆ. ಇಂದಿನ ರಾತ್ರಿಯ ಕಾವಲು ನಮ್ಮ ಪಾಲಿನದು. ಶ್ರೋತೃಗಳ ಅಪ್ಪಣೆ ಪಡೆದು ಹೊರಡುತ್ತೇವೆ.