ಹೊಳೆಯ ದಂಡೆಯ ಓಣಿಗಳು

(ಶ್ರೀಮಠದ ಮಹೋತ್ಸವ ಪ್ರಸಂಗದಲ್ಲಿ ತಿಮ್ಮಾಪುರದಲ್ಲಿ ಮಾಡಿದ ಉಪನ್ಯಾಸ)



ಇಂಥ ಮಂಗಲಪ್ರಸಂಗದಲ್ಲಿ ಷಟ್‌ಸ್ಥಲವನ್ನೋ ಅಷ್ಟಾವರಣವನ್ನೋ ವಿವರಿಸುವದನ್ನು ಬಿಟ್ಟು, ಒಂದು ಪಟ್ಟಣದ ಓಣಿಗಳ ವೃತ್ತಾಂತವನ್ನು ಹೇಳುವದೇತಕ್ಕೆಂದು ಕೆಲವರಿಗೆ ತೋರಬಹುದು. ಆದರೆ ಶರಣರ ಧರ್ಮವು ನಿರ್ಜನವಾದ ಅರಣ್ಯದಲ್ಲಿ ಬೆಳೆದುದಲ್ಲ. ಮಗ್ಗದ ಮನೆ, ಗಾಣದ ಮನೆ, ಅಂಗಡಿ, ಅಗಸೆ, ಹೊಳೆಯ ಘಟ್ಟ ಇವುಗಳ ನಡುವೆ ನೆರೆಹೊರೆಯವರೊಡನೆ ಬಾಳಿ ತೋರಿಸಿದ ಧರ್ಮವದು. ಆದುದರಿಂದ ಒಂದು ಓಣಿಯು ಹೇಗೆ ಕೂಡಿ ಬಾಳಿತು, ಅದು ಒಡೆದಾಗ ಏನಾಯಿತು ಎಂಬ ವಿಚಾರವೂ ಧರ್ಮವಿಚಾರವೇ ಸರಿ.

ನಮ್ಮ ಸೀಮೆಯ ತಾಯಿ ಘಟಪ್ರಭೆ. ಸಹ್ಯಾದ್ರಿಯಲ್ಲಿ ಹುಟ್ಟಿ, ಗೋಕಾಕದಲ್ಲಿ ಬಂಡೆಗಳಿಂದ ಧುಮುಕಿ, ರನ್ನ ಮಹಾಕವಿಯು ಜನಿಸಿದ ಮುಧೋಳದ ಬದಿಗೆ ಹರಿದು, ಮುಂದೆ ಬಾಗಲಕೋಟೆಯನ್ನು ಮುಟ್ಟಿ, ಬೀಳಗಿ ಸೀಮೆಯ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡುವಳು. ಈ ಹೊಳೆಸಾಲಿನ ಊರುಗಳಿಗೂ ಬಾಗಲಕೋಟೆಗೂ ಹೆಣ್ಣು ಕೊಡುವ, ತರುವ ಸಂಬಂಧವು ಹಿಂದಿನಿಂದ ಬಂದುದು. ಅಲ್ಲಿಯ ಸುಖದುಃಖಗಳು ಇಲ್ಲಿಯ ಮನೆಗಳನ್ನು ಮುಟ್ಟದೆ ಇರವು. ಆದುದರಿಂದ ಹಳೆಯ ಬಾಗಲಕೋಟೆಯ ಹೊಳೆದಂಡೆಯನ್ನೇ ಈ ದಿನದ ವಿಷಯವಾಗಿ ಆರಿಸಿಕೊಂಡಿರುವೆನು.

ಊರು ಬಹು ಪ್ರಾಚೀನವಾದುದು. ಚಾಲುಕ್ಯರ ಕಾಲದಲ್ಲಿ ಬಾಗಡಗೆ ಎಪ್ಪತ್ತು ಎಂಬ ನಾಡು ಇದ್ದಿತೆಂದು ಶಾಸನಗಳಿಂದ ತಿಳಿದುಬರುವದು. ರಾವಣನ ಭಜಂತ್ರಿಗಳಿಗೆ ಈ ಸ್ಥಳವು ಉಂಬಳಿಯಾಗಿದ್ದಿತೆಂಬ ಪ್ರತೀತಿಯೂ ಜನರಲ್ಲಿ ಉಂಟು. ಪ್ರತೀತಿಯನ್ನು ಪ್ರತೀತಿಯಾಗಿಯೇ ಕೇಳತಕ್ಕದ್ದು. ವಿಜಯನಗರ, ವಿಜಾಪುರ, ಸವಣೂರು, ಪೇಶವೆ, ಹೈದರಾಲಿ, ಹೀಗೆ ಅರಸೊತ್ತಿಗೆಗಳು ಒಂದರ ಮೇಲೊಂದು ಬಂದುಹೋದವು. ೧೮೧೮ ರಲ್ಲಿ ಊರು ಆಂಗ್ಲರ ವಶವಾಯಿತು. ಆಳುವವರು ಬದಲಾದರೂ ಓಣಿಗಳ ಕಟ್ಟು ಬದಲಾಗಲಿಲ್ಲ. ಅರಸರ ಕಾಗದಪತ್ರಗಳಿಗಿಂತ ಓಣಿಯ ನಡವಳಿಯೇ ಬಲವಾಗಿ ನಿಂತಿತು.

ಆ ಓಣಿಗಳ ಹೆಸರುಗಳನ್ನು ಕೇಳಿರಿ: ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ. ಕೋಟೆಯು ಬಿದ್ದುಹೋದರೂ ಕಿಲ್ಲಾ ಎಂಬ ಹೆಸರು ಉಳಿಯಿತು. ಹೊಸಪೇಟೆಯು ಹಳೆಯದಾದರೂ ಹೊಸಪೇಟೆಯೇ ಆಗಿ ನಿಂತಿತು. ಹೆಸರೆಂಬುದು ಓಣಿಯ ನೆನಪಿನ ಬೀಗದ ಕೈ. ಅದನ್ನು ಕೇಳಿದೊಡನೆ ಯಾರ ಕಟ್ಟೆ, ಯಾವ ಗುಡಿ, ಯಾವ ಬಾವಿ ಎಂಬುದೆಲ್ಲವೂ ತೆರೆದುಕೊಳ್ಳುವದು.

ಈ ಐದು ಓಣಿಗಳ ಸ್ವಭಾವವನ್ನು ಅರಿಯಬೇಕಾದರೆ ಹೋಳಿ ಹುಣ್ಣಿವೆಗೆ ಅಲ್ಲಿಗೆ ಹೋಗಬೇಕು. ಹಬ್ಬಕ್ಕೆ ಮುಂಚೆ ಕೆಲವು ದಿನಗಳಿಂದಲೇ ಹಲಗೆಯ ನಾದವು ಮೊದಲಾಗುವದು. ಒಂದೊಂದು ಓಣಿಗೆ ತನ್ನ ಮೇಳ, ತನ್ನ ಸರದಿ, ತನ್ನ ಮಾನ. ಬಣ್ಣದ ನೀರಿನ ಪೀಪಾಯಿಗಳನ್ನು ಬಂಡಿಗಳಲ್ಲಿ ಹೇರಿಕೊಂಡು ಒಂದು ಓಣಿಯವರು ಮತ್ತೊಂದು ಓಣಿಯ ಮೇಲೆ ಸಾಗುವರು. ಎರಡು ಬಂಡಿಗಳು ಎದುರುಬದುರಾದಾಗ ನಡೆಯುವ ಬಣ್ಣದ ಕಾಳಗವನ್ನು ನೋಡಲು ಹಳ್ಳಿಹಳ್ಳಿಗಳಿಂದ ಜನರು ಬರುವರು. ಕಾಳಗವೆಂದರೂ ಅದರಲ್ಲಿ ಒಂದು ಕ್ರಮವುಂಟು: ಇಂದು ಯಾವ ಓಣಿಯ ಬಂಡಿ, ನಾಳೆ ಯಾವುದು ಎಂಬುದು ಮೊದಲೇ ಗೊತ್ತಾಗಿರುವದು. ಪೈಪೋಟಿಯೂ ಮರ್ಯಾದೆಯೂ ಒಂದೇ ಬಂಡಿಯ ಎರಡು ಗಾಲಿಗಳಂತೆ ಉರುಳುವವು.

ಇದರಲ್ಲಿ ನಾವು ಬಹಳವಾಗಿ ಗಮನಿಸಬೇಕಾದುದೊಂದುಂಟು. ಕಿಲ್ಲಾ ಓಣಿಯ ಕಾಮದಹನಕ್ಕೆ ಕಿಚ್ಚನ್ನು ದಲಿತರ ಮನೆಯಿಂದ ತರುವ ಪದ್ಧತಿಯು ಅಲ್ಲಿ ನಡೆದುಬಂದಿದೆ. ಶಿವನ ಹಣೆಗಣ್ಣಿನ ಉರಿಯನ್ನು ನೆನಪಿಸುವ ಆ ಬೆಂಕಿಯು, ಊರು ಯಾರನ್ನು ದೂರವಿಟ್ಟಿದ್ದಿತೋ ಅವರ ಒಲೆಯಿಂದಲೇ ಬರಬೇಕು. ವರ್ಷದಲ್ಲಿ ಒಂದು ರಾತ್ರಿ ಕಿಚ್ಚನ್ನು ಬೇಡಿ ತಂದು, ಉಳಿದ ದಿನಗಳಲ್ಲಿ ಕದವನ್ನು ಮುಚ್ಚಿಕೊಳ್ಳುವದು ಸಾಕೆ ಎಂದು ಶರಣಧರ್ಮದವರಾದ ನಾವು ನಮ್ಮನ್ನೇ ಕೇಳಿಕೊಳ್ಳತಕ್ಕದ್ದು. ಆದರೂ ಓಣಿಯು ತನಗೆ ತಿಳಿದೋ ತಿಳಿಯದೆಯೋ ಸಮತೆಯ ಒಂದು ಕಿಡಿಯನ್ನು ಕಾಪಾಡಿಕೊಂಡು ಬಂದಿತೆಂಬುದು ಸಣ್ಣ ಸಂಗತಿಯಲ್ಲ.

ವಿದ್ಯೆಯ ವಿಷಯದಲ್ಲಿಯೂ ಈ ಊರು ಹಿಂದೆ ಬೀಳಲಿಲ್ಲ. ಬೀಳೂರಿನ ಶ್ರೀ ಗುರುಬಸವ ಮಹಾಸ್ವಾಮಿಗಳವರ ಪ್ರೇರಣೆಯಿಂದ ೧೯೦೬ ರಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು ಅಲ್ಲಿ ಸ್ಥಾಪಿತವಾಯಿತು. ಭಕ್ತರು ಕೊಟ್ಟ ಕಾಸು ಕಾಳುಗಳು ಕಾಲಾನಂತರದಲ್ಲಿ ಶಾಲೆ ಕಾಲೇಜುಗಳಾದವು. ೧೯೬೩ ರಲ್ಲಿ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು ಮೊದಲಾಯಿತು. ಊರ ಹೊರಗಿನ ದಿನ್ನೆಯ ಪ್ರದೇಶಕ್ಕೆ ವಿದ್ಯಾಗಿರಿ ಎಂಬ ಅನ್ವರ್ಥನಾಮವೇ ಬಂದಿತು.

ಇನ್ನು ನೀರಿನ ಪ್ರಕರಣ. ೧೯೬೪ ರಲ್ಲಿ ಶ್ರೀ ಲಾಲಬಹಾದ್ದೂರ ಶಾಸ್ತ್ರಿಗಳವರ ಹಸ್ತದಿಂದ ಆಲಮಟ್ಟಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ಅಣೆಕಟ್ಟಿನ ಶಂಕುಸ್ಥಾಪನೆಯಾಯಿತು. ಬರಗಾಲದಿಂದ ಬೆಂದ ನಾಡಿಗೆ ನೀರುಣಿಸುವ ಆ ಕಾರ್ಯದ ಮಹತ್ತ್ವವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಕೃಷ್ಣೆಯು ತುಂಬಿ ನಿಂತರೆ ಅವಳನ್ನು ಕೂಡುವ ಘಟಪ್ರಭೆಯೂ ಹಿಂದಕ್ಕೆ ಒತ್ತಿ ನಿಲ್ಲುವಳು. ಹೀಗೆ ಆಲಮಟ್ಟಿಯ ಹಿನ್ನೀರು ಬಾಗಲಕೋಟೆಯ ತಗ್ಗಿನ ಓಣಿಗಳೊಳಗೆ ಬಂದಿತು. ಅಲ್ಲಿಯ ನಿವಾಸಿಗಳಿಗಾಗಿ ದೂರದ ಎತ್ತರದ ಭೂಮಿಯಲ್ಲಿ ನವನಗರವು ನಿರ್ಮಾಣವಾಯಿತು. ಅದರ ಯೋಜನೆಯಲ್ಲಿ ಪ್ರಸಿದ್ಧ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಕೈಯೂ ಇದ್ದಿತು. ೧೯೯೭ ರಲ್ಲಿ ಬಾಗಲಕೋಟೆಯು ಜಿಲ್ಲೆಯಾದ ಮೇಲೆ ಸರಕಾರಿ ಕಚೇರಿಗಳೂ ನವನಗರದಲ್ಲಿ ನೆಲೆಯಾದವು.

ಇಲ್ಲಿ ಕಾಲದ ವೈಚಿತ್ರ್ಯವನ್ನು ನೋಡಿರಿ. ಯಾವುದು ಊರಾಗಿದ್ದಿತೋ ಅದು ಈಗ ಊರಂಚಿನ ಬಡಾವಣೆಯಂತಾಯಿತು. ಯಾವುದು ಬಯಲಾಗಿದ್ದಿತೋ ಅದೇ ಊರಾಯಿತು. ತಾಯಿಯು ಮಗಳ ಮನೆಯ ಪಡಸಾಲೆಯಲ್ಲಿ ಕುಳಿತಂತೆ ಹಳೆಯ ಬಾಗಲಕೋಟೆಯು ನೀರಂಚಿನಲ್ಲಿ ಕುಳಿತಿದೆ. ನವನಗರದಲ್ಲಿ ಅಗಲವಾದ ಬೀದಿಗಳುಂಟು, ಗಾಳಿ ಬೆಳಕುಗಳುಂಟು. ಆದರೆ ಅಲ್ಲಿಯ ಭಾಗಗಳಿಗೆ ಸೆಕ್ಟರುಗಳೆಂದು ಅಂಕಿಗಳನ್ನು ಕೊಟ್ಟರು. ಅಂಕಿಯು ಟಪಾಲಿನವನಿಗೆ ದಾರಿ ತೋರಿಸುವದು. ಪಕ್ಕದ ಮನೆಯ ಮುದುಕಿಯು ಈ ದಿನ ಉಂಡಳೋ ಇಲ್ಲವೋ ಎಂಬುದನ್ನು ಅದು ತಿಳಿಸದು.

ಹಾನಿಯ ಲೆಕ್ಕವನ್ನು ಬರೆಯುವಾಗ ಗೋಡೆ, ಮಾಳಿಗೆ, ತೊಲೆ, ಬಾಗಿಲುಗಳಿಗೆ ಬೆಲೆ ಕಟ್ಟುವರು. ಹಕ್ಕಿನ ಕಾಗದವುಳ್ಳವನಿಗೆ ಪರಿಹಾರದ ದಾರಿಯುಂಟು. ಆದರೆ ಬಾಡಿಗೆಯ ಒಂದಂಕಣದಲ್ಲಿ ಮಗ್ಗವನ್ನು ಹೂಡಿ ಮೂರು ತಲೆಮಾರು ಬಾಳಿದವನ ನೆರೆಯನ್ನು ಯಾವ ಉತಾರೆಯಲ್ಲಿ ಬರೆದಿದೆ? ಕೈಸಾಲ ಕೊಡುವ ಅಂಗಡಿಕಾರ, ಬಾಣಂತಿಗೆ ಬಿಸಿನೀರು ಕಾಯಿಸುವ ನೆರೆಯ ತಾಯಿ, ಹೆಣಕ್ಕೆ ಹೆಗಲು ಕೊಡುವ ನಾಲ್ವರು, ಇವರೇ ಬಡವನ ಆಸ್ತಿ. ಓಣಿಯು ಚದುರಿದರೆ ಈ ಆಸ್ತಿಯೂ ಚದುರುವದು; ಅದಕ್ಕೆ ಪರಿಹಾರಧನವಿಲ್ಲ.

ಕೂಡಲಸಂಗಮವನ್ನು ನೆನೆಯಿರಿ. ನಾರಾಯಣಪುರದ ಹಿನ್ನೀರು ಬಂದಾಗ ಅಣ್ಣನವರ ಐಕ್ಯಸ್ಥಲದ ಸುತ್ತಲೂ ಬಾವಿಯಂತೆ ಭದ್ರವಾದ ಗೋಡೆಯನ್ನು ಕಟ್ಟಿ ಅದನ್ನು ಕಾಪಾಡಿದರು. ಇಂದು ಭಕ್ತರು ನೀರಿನ ನಡುವೆ ಕೆಳಗಿಳಿದು ದರ್ಶನ ಪಡೆಯುವರು. ಕಲ್ಲಿನ ಸ್ಥಾನಕ್ಕೆ ಕಲ್ಲಿನ ಗೋಡೆಯು ರಕ್ಷೆಯಾದೀತು. ನೆರೆಹೊರೆಯ ಸ್ನೇಹಕ್ಕೆ ಅಂಥ ಗೋಡೆಯನ್ನು ಯಾರೂ ಕಟ್ಟಲಾರರು. ಅದು ಜಂಗಮಸ್ವರೂಪವಾದುದು. ಜನರೊಡನೆ ನಡೆದು ಹೋಗಬೇಕು, ಇಲ್ಲವೆ ಅಳಿಯಬೇಕು. ಅದು ನಡೆದು ಹೋಗಬಲ್ಲದೆಂಬುದಕ್ಕೆ ದೃಷ್ಟಾಂತವೂ ಉಂಟು: ಹೋಳಿ ಬಂದೊಡನೆ ವಿದ್ಯಾಗಿರಿ, ನವನಗರಗಳಲ್ಲಿಯೂ ಬಣ್ಣದಾಟ ನಡೆಯುವದು, ಹಲಗೆಯ ನಾದವು ನೀರಿನಲ್ಲಿ ಮುಳುಗಲಿಲ್ಲ.

ಕೆಲಸವು ಇನ್ನೂ ಮುಗಿದಿಲ್ಲ. ಈಗ ಆಲಮಟ್ಟಿಯಲ್ಲಿ ನೀರು ನಿಲ್ಲುವದು ಸಮುದ್ರಮಟ್ಟದಿಂದ ೫೧೯.೬೦ ಮೀಟರಿನವರೆಗೆ. ಕೃಷ್ಣಾ ನ್ಯಾಯಾಧಿಕರಣವು ೨೦೧೦ ರಲ್ಲಿ ೫೨೪.೨೫೬ ಮೀಟರಿಗೆ ಒಪ್ಪಿಗೆ ಕೊಟ್ಟಿತು. ಆ ಎತ್ತರಕ್ಕೆ ನೀರು ಇನ್ನೂ ನಿಂತಿಲ್ಲ. ನಿಂತ ದಿನ ಮತ್ತಷ್ಟು ಮನೆಗಳೂ ಹೊಲಗಳೂ ಹೋಗುವವು. ೨೦೧೯ ರ ಆಗಸ್ಟದಲ್ಲಿ ಘಟಪ್ರಭೆಯು ಉಕ್ಕಿ ನಮ್ಮ ಮುಧೋಳ ಸೀಮೆಯನ್ನು ಕಾಡಿದುದನ್ನು ಕಂಡ ನಮಗೆ, ಮನೆ ಬಿಟ್ಟು ಹೊರಡುವದೆಂದರೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದುದರಿಂದ ಭಕ್ತರಲ್ಲಿ ನನ್ನ ಬಿನ್ನಹಗಳು ಮೂರು. ಏಳಬೇಕಾದ ಓಣಿಯು ಏಳುವದಕ್ಕೆ ಮುಂಚೆ ಅದರ ಹೆಸರು, ಗುಡಿ, ಮಠ, ಬಾವಿ, ಹಬ್ಬಗಳ ವೃತ್ತಾಂತವನ್ನು ಹಿರಿಯರ ಬಾಯಿಂದ ಕೇಳಿ ಬರೆದಿಡಿರಿ. ನಿವೇಶನಗಳನ್ನು ಕೊಡುವಾಗ ಓಣಿಯವರನ್ನು ಓಣಿಯವರ ಬಳಿಯಲ್ಲಿಯೇ ನೆಲೆಗೊಳಿಸಿರೆಂದು ಅಧಿಕಾರಿಗಳನ್ನು ಒಕ್ಕೊರಲಿನಿಂದ ಕೇಳಿರಿ. ಕಾಗದಪತ್ರಗಳಿಲ್ಲದ ಬಾಡಿಗೆಯವನೂ ವಿಧವೆಯೂ ದಾರಿಯಲ್ಲಿ ಉಳಿಯದಂತೆ, ಯಾರಿಗೆ ಮೊದಲು ನೆಲೆ ಸಿಕ್ಕಿತೋ ಅವರು ಉಳಿದವರಿಗೆ ಒಂದು ಅಂಕಣವನ್ನು ತೆರವು ಮಾಡಿರಿ. ದಾಸೋಹವೆಂಬುದು ಪಂಕ್ತಿಯ ಎಡೆಯಲ್ಲಿ ಮುಗಿಯುವದಿಲ್ಲ. ನಿಲ್ಲಲು ಎಡೆಯನ್ನು ಕೊಡುವದೂ ದಾಸೋಹವೇ.

ಶ್ರೀಮಠದ ಈ ಮಹೋತ್ಸವವು ನಮ್ಮೆಲ್ಲರಲ್ಲಿ ಈ ಬುದ್ಧಿಯನ್ನು ಪ್ರೇರಿಸಲಿ. ಹೊಳೆಯ ದಂಡೆಯ ಮಕ್ಕಳೆಲ್ಲರೂ ನೆಲೆಯುಳ್ಳವರಾಗಿ, ನೆರೆಯುಳ್ಳವರಾಗಿ ಬಾಳಲಿ ಎಂದು ಗುರುಲಿಂಗಜಂಗಮರನ್ನು ಪ್ರಾರ್ಥಿಸಿ ನನ್ನ ಮಾತನ್ನು ಮುಗಿಸುವೆನು.