ಕಾಣದವರಿಗೆ ಬಣ್ಣ, ಕೇಳದವರಿಗೆ ದನಿ

(ದತ್ತಿ ಉಪನ್ಯಾಸದ ಬರಹರೂಪ)



ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್ ಮನುಷ್ಯನ ಅರಿವನ್ನು ಕುರಿತು ಬರೆದ, 1690ರ ಇಸವಿ ಹೊತ್ತು ಹೊರಬಂದ ದೊಡ್ಡ ಗ್ರಂಥದಲ್ಲಿ ಒಬ್ಬ ಅಂಧನ ಪ್ರಸಂಗವಿದೆ. ಆತನಿಗೆ ಓದಿನ ಹಂಬಲ ಬಹಳ. ಬೆಳಕು, ಬಣ್ಣ ಎಂಬ ಮಾತುಗಳು ಎದುರಾದಾಗಲೆಲ್ಲ ಗೆಳೆಯರನ್ನು ಕೇಳಿ, ಪುಸ್ತಕ ಓದಿಸಿಕೊಂಡು, ಅವುಗಳ ಅರ್ಥಕ್ಕಾಗಿ ತಲೆ ಕೆಡಿಸಿಕೊಳ್ಳುತ್ತಿದ್ದ. ಒಂದು ದಿನ, ಕಡುಗೆಂಪು ಎಂದರೇನೆಂದು ತಿಳಿಯಿತು ಎಂದ. ಏನದು ಎಂದು ಗೆಳೆಯ ಕೇಳಿದರೆ, ಕಹಳೆಯ ದನಿಯ ಹಾಗೆ ಎಂದ. ಲಾಕ್ ಇದನ್ನು ಸೋಲಿನ ಕಥೆಯಾಗಿ ಹೇಳುತ್ತಾನೆ. ಇಂದ್ರಿಯದಿಂದ ನೇರ ಬರಬೇಕಾದ ಅನುಭವವನ್ನು ಮಾತಿನಿಂದ ಹುಟ್ಟಿಸಲಾಗದು ಎಂಬುದು ಅವನ ತೀರ್ಮಾನ.

ಆ ತೀರ್ಮಾನವನ್ನು ನಾನು ಒಪ್ಪುತ್ತೇನೆ. ಆದರೆ ಅಲ್ಲಿಗೇ ನಿಂತು, ಇನ್ನು ಹೇಳುವುದೇನೂ ಇಲ್ಲ ಎಂದು ಕೈಚೆಲ್ಲುವುದನ್ನು ಒಪ್ಪುವುದಿಲ್ಲ.

ಕಣ್ಣಿಲ್ಲದವರಿಗೆ ಬಣ್ಣ ತಿಳಿಸುವುದು ಹೇಗೆಂದು ಯಾರನ್ನಾದರೂ ಕೇಳಿ. ಬಿಸಿನೀರಿನಲ್ಲಿ ಕೈ ಅದ್ದಿಸಿ ಇದು ಕೆಂಪು ಅನ್ನಿ, ಮಂಜುಗಡ್ಡೆ ಮುಟ್ಟಿಸಿ ಇದು ನೀಲಿ ಅನ್ನಿ, ಹುಲ್ಲಿನ ಮೇಲೆ ನಡೆಸಿ ಇದು ಹಸಿರು ಅನ್ನಿ ಎಂಬ ಉತ್ತರ ಬರುತ್ತದೆ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಕೇಳುವವರ ಕಡೆಯಿಂದ ಯೋಚಿಸಬೇಕು. ಹಸಿಮೆಣಸಿನಕಾಯಿಯೂ ಹಸಿರೇ, ಅದನ್ನು ಕಚ್ಚಿದವರಿಗೆ ಹಸಿರೆಂದರೆ ತಂಪು ಎಂದರೆ ನಂಬುತ್ತಾರೆಯೇ? ಕಲ್ಲಂಗಡಿಯ ತಿರುಳು ಕೆಂಪು, ಗ್ಯಾಸ್ ಒಲೆಯ ಉರಿ ನೀಲಿ. ಬಿಸಿ, ತಂಪು ಇವೆಲ್ಲ ಕಂಡವರ ಮನಸ್ಸಿನಲ್ಲಿ ಬಣ್ಣಕ್ಕೆ ಅಂಟಿಕೊಂಡ ಭಾವಗಳು. ಕಾಣದವರ ಕೈಯಲ್ಲಿ ಉಳಿಯುವುದು ಬರೀ ಬಿಸಿನೀರು.

ಬಣ್ಣದ ಬಹುಪಾಲು ಕಣ್ಣಿನ ಹೊರಗಿದೆ ಎಂಬುದು ನನ್ನ ನಂಬಿಕೆ. ಬಣ್ಣಬಣ್ಣಗಳ ನಡುವಿನ ಸಂಬಂಧದಲ್ಲಿದೆ, ಒಂದು ವಸ್ತುವಿಗೆ ಆ ಬಣ್ಣ ಬಂದ ಕಾರಣದಲ್ಲಿದೆ, ಜನ ಅದನ್ನು ಬಳಸುವ ರೀತಿಯಲ್ಲಿದೆ. ಅಷ್ಟನ್ನು ಮಾತು ಪೂರ್ತಿಯಾಗಿ ದಾಟಿಸಬಲ್ಲದು. ದಾಟಿಸದೆ ಹೋದರೆ ಅದು ಹೇಳುವವರ ಸೋಮಾರಿತನ.

ಲಾಕ್ ತೀರಿಕೊಂಡ ಕೆಲವೇ ವರ್ಷಗಳಲ್ಲಿ, 1711ರಲ್ಲಿ, ಕೇಂಬ್ರಿಜ್‌ನಲ್ಲಿ ಹಿಂದೆ ನ್ಯೂಟನ್ ಕುಳಿತಿದ್ದ ಗಣಿತ ಪೀಠಕ್ಕೆ ನಿಕೊಲಸ್ ಸಾಂಡರ್ಸನ್ ಎಂಬವರು ಬಂದರು. ಎಳೆಗೂಸಾಗಿದ್ದಾಗಲೇ ಸಿಡುಬು ಅವರ ಕಣ್ಣುಗಳನ್ನು ಕಿತ್ತುಕೊಂಡಿತ್ತು. ಅವರು ಪಾಠ ಹೇಳಿದ ವಿಷಯಗಳಲ್ಲಿ ನ್ಯೂಟನ್ನನ ಬೆಳಕಿನ ಶಾಸ್ತ್ರವೂ ಒಂದು. ಬೆಳಕಿನ ಕಿರಣ ಗಾಜಿನೊಳಗೆ ಹೊಕ್ಕಾಗ ಬಾಗುತ್ತದೆ, ಕೆಂಪು ಕಡಿಮೆ ಬಾಗುತ್ತದೆ, ನೇರಳೆ ಹೆಚ್ಚು ಬಾಗುತ್ತದೆ, ಆದ್ದರಿಂದ ಬಿಳಿ ಬೆಳಕು ಬಣ್ಣಗಳ ಸಾಲಾಗಿ ಬಿಡಿಸಿಕೊಳ್ಳುತ್ತದೆ. ಇದು ರೇಖಾಗಣಿತ. ಇದಕ್ಕೆ ಕಣ್ಣು ಬೇಡ. ಕಾಮನಬಿಲ್ಲನ್ನು ಒಮ್ಮೆಯೂ ಕಾಣದ ಗುರು, ಅದನ್ನು ದಿನವೂ ಕಂಡು ಅರ್ಥ ಮಾಡಿಕೊಳ್ಳದ ಶಿಷ್ಯರಿಗೆ ಅದು ಮೂಡುವ ಬಗೆಯನ್ನು ತಿಳಿಸುತ್ತಿದ್ದರು. ಫ್ರಾನ್ಸಿನ ಚಿಂತಕ ದಿದೆರೋ 1749ರಲ್ಲಿ ಅಂಧರ ಬಗ್ಗೆ ಬರೆದ ಪ್ರಸಿದ್ಧ ಪತ್ರಪ್ರಬಂಧದಲ್ಲಿ ಸಾಂಡರ್ಸನ್ನರಿಗೆ ದೊಡ್ಡ ಜಾಗ ಕೊಟ್ಟಿದ್ದಾನೆ.

ಸಾಂಡರ್ಸನ್ನರದು ಅಸಾಧಾರಣ ಪ್ರತಿಭೆ, ಎಲ್ಲರಿಗೂ ಅದು ಸಾಧ್ಯವೇ ಎಂದು ನೀವು ಕೇಳಬಹುದು. ಅದಕ್ಕೂ ಈಗ ಉತ್ತರವಿದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಮರೀನಾ ಬೆಡ್ನಿ ಮತ್ತು ಸಂಗಡಿಗರು ಹುಟ್ಟಿನಿಂದಲೇ ಕಾಣದವರೊಂದಿಗೆ ಮಾತಾಡಿ 2021ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇಂಥ ವಸ್ತುವಿನ ಬಣ್ಣ ಯಾವುದು ಎಂದು ಕೇಳಿದಾಗ ಅಂಧರ ಉತ್ತರ ಕಾಣುವವರ ಉತ್ತರದೊಂದಿಗೆ ಎಷ್ಟೋ ಕಡೆ ಹೊಂದಲಿಲ್ಲ. ಆದರೆ ಒಂದೇ ಬಗೆಯ ಎರಡು ಹಣ್ಣುಗಳ ಬಣ್ಣ ಒಂದೇ ಆಗಿರುತ್ತದೆಯೇ, ಎರಡು ಕಾರುಗಳದ್ದು ಒಂದೇ ಆಗಿರಬೇಕೇ ಎಂದು ಕೇಳಿದಾಗ ಇಬ್ಬರ ಉತ್ತರವೂ ಒಂದಾಯಿತು. ಹಣ್ಣಿನ ಬಣ್ಣ ಅದರ ಜಾತಿಯಿಂದ ಬಂದದ್ದು, ಕಾರಿನ ಬಣ್ಣ ಕೊಳ್ಳುವವರ ಇಷ್ಟದಿಂದ ಬಂದದ್ದು ಎಂಬ ವಿವೇಕ ಇಬ್ಬರಲ್ಲೂ ಇತ್ತು. ಎಲ್ಲೋ ದೂರದ ದ್ವೀಪದ, ಯಾರೂ ಕಂಡಿರದ ವಸ್ತುಗಳ ಬಗ್ಗೆ ಕೇಳಿದಾಗಲೂ ಅದೇ ವಿವೇಕ ಕೆಲಸ ಮಾಡಿತು. ಇದನ್ನು ಯಾರೂ ಅವರಿಗೆ ಕೂರಿಸಿಕೊಂಡು ಕಲಿಸಿರಲಿಲ್ಲ. ಸುತ್ತಲಿನ ಮಾತುಕತೆಯಿಂದಲೇ ಅವರು ಅದನ್ನು ಹೆಕ್ಕಿಕೊಂಡಿದ್ದರು. ಬಾಳೆಹಣ್ಣು ಹಳದಿ ಎಂಬ ಒಂಟಿ ಸುದ್ದಿಗಿಂತ, ಬಣ್ಣ ಎಲ್ಲಿಂದ ಬರುತ್ತದೆ, ಯಾವುದಕ್ಕೆ ಬೇಕಾಗುತ್ತದೆ ಎಂಬುದು ಮಾತಿನಲ್ಲಿ ಚೆನ್ನಾಗಿ ಸಾಗುತ್ತದೆ ಎಂದಾಯಿತು.

ಅಂಧ ವಿದ್ಯಾರ್ಥಿಗಳಿಗೆ ಪಾಠ ಓದಿ ಹೇಳುವಾಗ ನಾನು ಕಂಡದ್ದೂ ಇದನ್ನೇ. ಅವರು ಕೆಂಪು ಹೇಗಿರುತ್ತದೆ ಎಂದು ಕೇಳುವುದು ಅಪರೂಪ. ಕೇಳುವ ಪ್ರಶ್ನೆಗಳು ಬೇರೆ. ಯಾವ ಬಣ್ಣದ ಅಂಗಿಯಲ್ಲಿ ಕೊಳೆ ಬೇಗ ಕಾಣುತ್ತದೆ? ಕತ್ತಲಾಗುತ್ತಾ ಬಂದ ಹಾಗೆ ಯಾವ ಬಣ್ಣ ಮೊದಲು ಕಾಣದಾಗುತ್ತದೆ? ನೆರಳಿಗೆ ಬಣ್ಣವಿದೆಯೇ? ನೀರಿಗೆ ಬಣ್ಣವಿಲ್ಲವೆಂದ ಮೇಲೆ ಕೆರೆಯನ್ನು ನೀಲಿ ಎನ್ನುವುದೇಕೆ? ಈ ಸೀರೆಗೆ ಈ ರವಿಕೆ ಹೊಂದುವುದಿಲ್ಲ ಎಂದು ಅಕ್ಕ ಯಾಕೆ ರೇಗುತ್ತಾಳೆ? ಇವಕ್ಕೆಲ್ಲ ಉತ್ತರ ಕೊಡಬಹುದು. ಮುಸ್ಸಂಜೆಯಲ್ಲಿ ಕೆಂಪು ಮೊದಲು ಕಪ್ಪಾಗಿ ಕಾಣುತ್ತದೆ, ನೀಲಿ ಹಸಿರುಗಳು ಇನ್ನೂ ಸ್ವಲ್ಪ ಹೊತ್ತು ಉಳಿಯುತ್ತವೆ. ಮಂದ ಬೆಳಕಿನಲ್ಲಿ ಕೆಲಸ ಮಾಡುವ ಕಣ್ಣಿನ ಕೋಶಗಳಿಗೆ ಕೆಂಪು ಬೆಳಕು ಬಹಳ ಕಡಿಮೆ ತಟ್ಟುತ್ತದೆ. ಕನ್ನಡದ ಬಾವುಟದ ಹಳದಿ, ಕೆಂಪು ಅರಿಶಿನ ಕುಂಕುಮದವು ಎಂದರೆ, ಹಬ್ಬದ ಮನೆಯಲ್ಲಿ ಬೆಳೆದ ಮಗುವಿಗೆ ಆ ಬಾವುಟದ ಗೌರವ ತಿಳಿಯುತ್ತದೆ. ಆ ತಿಳಿವಳಿಕೆ ಅರ್ಧಂಬರ್ಧದ್ದಲ್ಲ.

ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಇಲ್ಲಿ ನೆನೆಯಲೇಬೇಕು. ಅದನ್ನು ನಡೆಸಿದ ಪಂಚಾಕ್ಷರಿ ಗವಾಯಿಗಳು, ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಇಬ್ಬರೂ ಅಂಧರು. ಸಂಗೀತದಲ್ಲಿ ಅವರ ಹಿರಿಮೆ ಎಲ್ಲರಿಗೂ ಗೊತ್ತು. ಆಶ್ರಮ ನಾಟಕ ಕಂಪನಿಯನ್ನೂ ನಡೆಸಿತು, ಪುಟ್ಟರಾಜರು ನಾಟಕಗಳನ್ನೂ ಬರೆದರು ಎಂಬುದು ಈ ಚರ್ಚೆಗೆ ಮುಖ್ಯ. ಕಂಪನಿ ನಾಟಕವೆಂದರೆ ಪರದೆ, ವೇಷ, ಬಣ್ಣ, ದೀಪ. ಕಣ್ಣಿಗಾಗಿಯೇ ಹುಟ್ಟಿದ ಕಲೆಯೊಂದು ಕಾಣದವರ ಆಶ್ರಯದಲ್ಲಿ ಊರೂರು ತಿರುಗಿತು.

ಆದರೆ ಮಾತಿಗೆ ಮಿತಿಯೂ ಇದೆ. ಪೆಸಿಫಿಕ್ ಸಾಗರದ ಪಿಂಗೆಲಾಪ್ ಎಂಬ ಪುಟ್ಟ ದ್ವೀಪದಲ್ಲಿ 1775ರ ಸುಮಾರಿಗೆ ಬಿರುಗಾಳಿಯೊಂದು ಹೆಚ್ಚಿನ ಜನರನ್ನು ಬಲಿತೆಗೆದುಕೊಂಡಿತು. ಉಳಿದ ಬೆರಳೆಣಿಕೆಯ ಮಂದಿಯ ಸಂತತಿಯಲ್ಲಿ, ಕೆಲವು ತಲೆಮಾರುಗಳ ನಂತರ, ಬಣ್ಣವನ್ನೇ ಕಾಣದ ಮಕ್ಕಳು ಹುಟ್ಟತೊಡಗಿದರು. ಅವರಿಗೆ ಜಗತ್ತೆಲ್ಲ ಬೂದು. ಬಿಸಿಲಿಗೆ ಕಣ್ಣು ತೆರೆಯಲಾಗದು. ಸಂಜೆಯಾದ ಮೇಲೆ ಚುರುಕು. ನರರೋಗತಜ್ಞ ಆಲಿವರ್ ಸ್ಯಾಕ್ಸ್ 1990ರ ದಶಕದಲ್ಲಿ ಅಲ್ಲಿಗೆ ಹೋದಾಗ ನಾರ್ವೆಯ ದೃಷ್ಟಿವಿಜ್ಞಾನಿ ಕ್ನೂತ್ ನೋರ್ಡ್‌ಬಿಯನ್ನು ಜೊತೆಗೆ ಕರೆದೊಯ್ದರು. ನೋರ್ಡ್‌ಬಿಗೂ ಹುಟ್ಟಿನಿಂದ ಬಣ್ಣ ಕಾಣದು. ಬಣ್ಣದ ಭೌತಶಾಸ್ತ್ರ, ನರಶಾಸ್ತ್ರ ಎಲ್ಲ ಬಲ್ಲ ಅವರು, ಬಣ್ಣದ ಅನುಭವ ಮಾತ್ರ ತಮಗೆ ಎಂದಿಗೂ ದಕ್ಕದು ಎಂದು ನೇರವಾಗಿ ಬರೆದಿದ್ದಾರೆ. ಆ ಮಾತನ್ನು ಗೌರವಿಸಬೇಕು. ದಾಟದ ಭಾಗವೊಂದು ಇದ್ದೇ ಇದೆ.

ಅದೇ ದ್ವೀಪದ ಇನ್ನೊಂದು ಪ್ರಸಂಗವನ್ನೂ ಸ್ಯಾಕ್ಸ್ ದಾಖಲಿಸಿದ್ದಾರೆ. ಹಳದಿ ಹಸಿರು ತಿಳಿಯದೆ ಬಾಳೆಹಣ್ಣು ಮಾಗಿದ್ದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದಾಗ, ದ್ವೀಪದವನೊಬ್ಬ ಗಿಡದಿಂದ ಹಸಿರು ಬಾಳೆಹಣ್ಣನ್ನು ಆರಿಸಿ ತಂದುಕೊಟ್ಟ. ಸುಲಿದರೆ ಒಳಗೆ ಹದವಾಗಿ ಮಾಗಿತ್ತು. ಮುಟ್ಟಿ, ಮೂಸಿ ನೋಡುವವನಿಗೆ ಸಿಪ್ಪೆಯ ಬಣ್ಣದ ಹಂಗಿರಲಿಲ್ಲ. ಪಚ್ಚಬಾಳೆ ತಿಂದು ಬೆಳೆದ ನಮಗೆ ಇದರಲ್ಲಿ ಅಚ್ಚರಿಯಿಲ್ಲ. ಬಣ್ಣ ತಿಳಿಸಲು ಹೊರಟವರು ಬಣ್ಣ ಕಾಣದವರಿಂದ ಕೇಳಿ ತಿಳಿಯಬೇಕಾದದ್ದೂ ಇರುತ್ತದೆ.

ಬಣ್ಣದ ಅನುಭವ ಮಾತಿನಲ್ಲಿ ದಾಟದು ಎಂದಾದರೆ, ಬಣ್ಣವನ್ನೇ ಹಾಡುವ ಕವಿತೆಯ ಗತಿ ಏನು? ಕುವೆಂಪು ಅವರ ‘ಹಸುರು’ ಕವಿತೆಯನ್ನು ತೆಗೆದುಕೊಳ್ಳಿ. ಆಶ್ವೀಜದ ಗದ್ದೆ, ಬೆಟ್ಟ, ಅಡಕೆಯ ತೋಟ ಎಲ್ಲವೂ ಹಸುರಾಗಿ, ಕೊನೆಗೆ ಹೂವಿನ ಕಂಪು, ಗಾಳಿಯ ತಂಪು, ಹಕ್ಕಿಯ ದನಿಯೂ ಹಸುರಾಗುತ್ತವೆ. ಬಿಸಿನೀರಿನ ಉಪಾಯವನ್ನು ತಳ್ಳಿಹಾಕಿದ ನಾನು ಇದನ್ನು ಒಪ್ಪುವುದು ಹೇಗೆ? ಇಲ್ಲಿ ಕವಿ ಹಸುರನ್ನು ಕಂಪಿನಿಂದ ವಿವರಿಸುತ್ತಿಲ್ಲ. ಒಂದೇ ಒಂದು ಅನುಭವ ಎಲ್ಲ ಇಂದ್ರಿಯಗಳನ್ನೂ ತುಂಬಿ, ನೋಡುವವನೇ ಅದರಲ್ಲಿ ಮುಳುಗಿಹೋದದ್ದನ್ನು ಹೇಳುತ್ತಿದ್ದಾರೆ. ಮುಳುಗುವುದು ಎಲ್ಲರಿಗೂ ಗೊತ್ತು. ತಾಳಬದ್ಧವಾಗಿ ಮರಳಿ ಮರಳಿ ಬರುವ ಆ ಒಂದು ಪದವೇ ಕೇಳುವವರನ್ನು ಸುತ್ತುವರಿಯುತ್ತದೆ. ಅದನ್ನು ಕೇಳಿಸಿಕೊಂಡ ಅಂಧ ವಿದ್ಯಾರ್ಥಿಗೆ ಬಣ್ಣ ಸಿಗದಿರಬಹುದು, ಕವಿತೆ ಸಿಗುತ್ತದೆ.

ಇನ್ನು ದನಿ. ಬಣ್ಣ ಚರ್ಮಕ್ಕೆ ತಿಳಿಯದು. ದನಿ ಮೈಯನ್ನೂ ತಟ್ಟುತ್ತದೆ. ಡೊಳ್ಳಿನ ಮುಂದೆ ನಿಂತವರ ಎದೆಗೂಡು ಇದನ್ನು ಬಲ್ಲದು. ಹತ್ತೊಂಬತ್ತು ತಿಂಗಳಿನಲ್ಲೇ ಕಣ್ಣು ಕಿವಿ ಎರಡನ್ನೂ ಕಳೆದುಕೊಂಡ ಹೆಲೆನ್ ಕೆಲ್ಲರ್ 1924ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ವಾದ್ಯವೃಂದಕ್ಕೆ ಒಂದು ಕಾಗದ ಬರೆದರು. ರೇಡಿಯೋದ ತೆಳುಪೊರೆಯ ಮೇಲೆ ಕೈಯಿಟ್ಟು ಬೀಥೋವನ್ನನ ಒಂಬತ್ತನೆಯ ಸಿಂಫನಿಯನ್ನು ತಾವು ಅನುಭವಿಸಿದ್ದನ್ನು, ವಾದ್ಯಗಳ ಮಿಡಿತ ಬೇರೆಬೇರೆಯಾಗಿ ಬೆರಳಿಗೆ ತಿಳಿದದ್ದನ್ನು ಅದರಲ್ಲಿ ಹೇಳಿದ್ದಾರೆ. ಸ್ಕಾಟ್ಲೆಂಡಿನ ಎವೆಲಿನ್ ಗ್ಲೆನಿ ಹನ್ನೆರಡರ ಹೊತ್ತಿಗೆ ಹೆಚ್ಚುಕಡಿಮೆ ಪೂರ್ತಿ ಕಿವುಡಾದರೂ ಜಗತ್ತಿನ ಹೆಸರಾಂತ ತಾಳವಾದ್ಯಗಾರ್ತಿಯಾದರು; ನೆಲದ ಕಂಪನ ತಿಳಿಯಲು ಬರಿಗಾಲಿನಲ್ಲಿ ನುಡಿಸುತ್ತಾರೆ.

ಆದರೂ ಚರ್ಮಕ್ಕೆ ಮಿತಿಯಿದೆ. ಕಿವಿ ಸೆಕೆಂಡಿಗೆ 20,000 ಕಂಪನಗಳವರೆಗೆ ಹಿಡಿಯಬಲ್ಲದು, ಚರ್ಮ ಸುಮಾರು 1,000ದ ಆಚೆ ಹಿಡಿಯಲಾರದು. ಮೃದಂಗದ ಎಡಭಾಗದ ಗುಂಕಾರ ಸಿಗುತ್ತದೆ. ತಂಬೂರಿಯ ಝೇಂಕಾರದ ಮೇಲಿನ ಎಳೆಗಳು, ಮಾತಿನ ಸಕಾರ ಶಕಾರಗಳು ಸಿಗುವುದಿಲ್ಲ. ಅಲ್ಲಿ ಮತ್ತೆ ಮಾತು, ಸಂಜ್ಞೆ, ಬರಹ ಬೇಕು. ದನಿ ಗೋಡೆಯ ಮರೆಯಿಂದಲೂ ಬರುತ್ತದೆ, ಬೆನ್ನ ಹಿಂದಿನಿಂದಲೂ ಬರುತ್ತದೆ, ಮುಖ ತಿರುಗಿಸಿದರೆ ನಿಲ್ಲುವುದಿಲ್ಲ. ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದ ರೀತಿಯಿಂದಲೇ ಅಮ್ಮನ ಸಿಟ್ಟು ನಡುಮನೆಗೆ ತಿಳಿಯುತ್ತದೆ. ಚಪ್ಪಲಿ ಎಳೆದು ನಡೆದರೆ ಸದ್ದಾಗುತ್ತದೆ, ಸೂರ್ಯ ಹುಟ್ಟುವಾಗ ಆಗುವುದಿಲ್ಲ. ಕೇಳುವವರಿಗೆ ಇವು ಹೇಳಬೇಕಾದ ಸಂಗತಿಗಳೆಂದೇ ತೋಚುವುದಿಲ್ಲ. ಕೇಳದವರಿಗೆ ಇವನ್ನು ಯಾರಾದರೂ ಹೇಳಬೇಕು.

ಸಾಹಿತ್ಯದವರ ಸಭೆಯಲ್ಲಿ ಇದನ್ನೆಲ್ಲ ಎತ್ತಿದ್ದಕ್ಕೆ ಕಾರಣವಿದೆ. ಸಿನಿಮಾಗಳನ್ನು ಕಿವಿ ಕೇಳದವರೂ ಕಣ್ಣಿಲ್ಲದವರೂ ನೋಡುವಂತಾಗಬೇಕೆಂದು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2024ರ ಮಾರ್ಚ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ತೆರೆಯ ಕೆಳಗೆ ದನಿಗಳ ಬರಹ, ಕಿವಿಗೆ ದೃಶ್ಯಗಳ ವಿವರಣೆ ಎರಡೂ ಬೇಕು. ಕನ್ನಡದಲ್ಲಿ ಇವನ್ನು ಬರೆಯುವವರು ಯಾರು? ತೆರೆಯ ಮೇಲೆ ‘ಸಂಗೀತ’ ಎಂದಷ್ಟೇ ಬರೆದರೆ ಏನೂ ಹೇಳಿದಂತಾಗಲಿಲ್ಲ. ಖುಷಿಯ ಮಾತುಗಳ ಅಡಿಯಲ್ಲಿ ಆತಂಕದ ರಾಗವೊಂದು ಸಣ್ಣಗೆ ಶುರುವಾಗಿದೆ ಎಂಬುದು ದೃಶ್ಯದ ಅರ್ಧ ಅರ್ಥ. ವಿವರಣೆ ಬರೆಯುವವರಿಗೆ ಎರಡು ಮಾತುಗಳ ನಡುವೆ ಸಿಗುವುದು ಎರಡು ಮೂರು ಸೆಕೆಂಡು. ಮದುಮಗಳ ಸೀರೆ ಹಸಿರು ಎನ್ನಬೇಕೇ, ಅವಳ ಕೈ ಬಾಗಿಲ ಚಿಲಕದ ಮೇಲಿದೆ ಎನ್ನಬೇಕೇ? ಧಾರೆಯ ಸೀರೆಯನ್ನು ಬದಲಿಸಿ ಬಂದಿದ್ದಾಳೆ ಎಂಬುದು ಕಥೆಗೆ ಬೇಕಿದ್ದರೆ ಬಣ್ಣವೇ ಮೊದಲು ಬರಬೇಕು. ಅಂಥ ತೀರ್ಮಾನವನ್ನು ಯಂತ್ರಕ್ಕೆ ಬಿಡಬಾರದು. ಕಥೆ ಬರೆದು, ಪದ ತೂಗಿ ಅಭ್ಯಾಸವಿದ್ದವರು ಕೈಹಾಕಬೇಕು.

ನಮ್ಮ ಕನ್ನಡ ವಿಭಾಗಗಳು ಈ ಬರವಣಿಗೆಯನ್ನು ಪಾಠವಾಗಿ ತೆಗೆದುಕೊಳ್ಳಲಿ ಎಂದು ಕೇಳಿಕೊಳ್ಳುತ್ತೇನೆ. ಕರಡು ಸಿದ್ಧವಾದಾಗ ಅದನ್ನು ಮೊದಲು ಪರೀಕ್ಷಿಸಬೇಕಾದವರು ಕಾಣದ, ಕೇಳದ ಓದುಗರೇ. ಅರ್ಥವಾಗದ ಕಡೆ ತಡೆದು ಕೇಳುವ ಅಧಿಕಾರ ಅವರಿಗಿರಬೇಕು, ಆ ಕೆಲಸಕ್ಕೆ ಅವರಿಗೆ ಸರಿಯಾದ ಸಂಭಾವನೆಯೂ ಸಲ್ಲಬೇಕು.