ತೆರೆಗಳು ಉಸುಕನ್ನು ಕೇರುವ ಬಗೆ

(ಗಂಗಾವತಿಯಲ್ಲಿ ಅಕ್ಕಿ ಗಿರಣಿ ಕೆಲಸಗಾರರ ಹಾಗೂ ಸಣ್ಣ ಅಂಗಡಿಕಾರರ ಕೂಟದಲ್ಲಿ ಮಾಡಿದ ಭಾಷಣ)



ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿಯ ಕಡೆಯವರಾದ ನಮಗೆ ಕಡಲು ಬಹು ದೂರ. ನಮ್ಮಲ್ಲಿ ಎಷ್ಟೋ ಮಂದಿ ಅದನ್ನು ಕಂಡವರೂ ಅಲ್ಲ. ಹೀಗಿರುವಾಗ ಕಡಲ ತೆರೆಯ ಮಾತು ನಮಗೇಕೆ ಎಂದು ನೀವು ಕೇಳಬಹುದು. ತೆರೆ ಮಾಡುವ ಕೆಲಸವೂ ನಿಮ್ಮ ಗಿರಣಿಯ ಕೆಲಸವೂ ಒಂದೇ ಬಗೆಯವು ಎಂಬುದು ನನ್ನ ಮೊದಲನೆಯ ಉತ್ತರ. ಎರಡನೆಯ ಉತ್ತರ ಮುನಿರಾಬಾದಿನ ಅಣೆಕಟ್ಟಿನ ಹಿಂದೆ ಬಿದ್ದಿದೆ. ಅದನ್ನು ಕೊನೆಗೆ ಹೇಳುತ್ತೇನೆ.

ಗಿರಣಿಯಲ್ಲಿ ಅಕ್ಕಿಯಿಂದ ಹರಳು ತೆಗೆಯುವ ಯಂತ್ರವನ್ನು ನೆನೆಯಿರಿ. ಓರೆಯಾದ ಜಾಲರಿ ಅಲುಗುತ್ತದೆ, ಅಡಿಯಿಂದ ಗಾಳಿ ಬರುತ್ತದೆ. ಹಗುರಾದ ಅಕ್ಕಿ ತೇಲಿದಂತಾಗಿ ಕೆಳಕ್ಕೆ ಜಾರುತ್ತದೆ. ಭಾರದ ಹರಳು ಜಾಲರಿಯನ್ನು ಹಿಡಿದು ಮೇಲಕ್ಕೆ ಸರಿಯುತ್ತದೆ. ಮನೆಯಲ್ಲಿ ತಾಯಂದಿರು ಅಕ್ಕಿಯನ್ನು ನೀರಿನಲ್ಲಿ ಗಾಳಿಸುವುದೂ ಇದೇ. ನಮ್ಮ ನೆರೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಹಿಂದೆ ಜಲಗಾರರು ಚಿನ್ನ ತೆಗೆಯುತ್ತಿದ್ದುದೂ ಇದೇ ಉಪಾಯದಿಂದ. ಉಸುಕಿಗೆ ನೀರು ಹಾಕಿ ಆಡಿಸಿದರೆ ಬಿಳಿಯದು ಹೊರಚೆಲ್ಲುತ್ತದೆ; ತಳದಲ್ಲಿ ಕರಿ ಉಸುಕು, ಅದೃಷ್ಟವಿದ್ದರೆ ಅದರೊಳಗೆ ಚಿನ್ನದ ಕಣ.

ಉಸುಕೆಂದರೆ ಒಂದೇ ವಸ್ತುವಲ್ಲ. ಹೆಚ್ಚಿನ ಪಾಲು ಬೆಣಚುಕಲ್ಲಿನ ಹರಳು. ಅದು ಅಷ್ಟೇ ಗಾತ್ರದ ನೀರಿಗಿಂತ 2.65 ಪಟ್ಟು ತೂಗುತ್ತದೆ. ಕರಿಯ ಇಲ್ಮೆನೈಟ್ ಸುಮಾರು 4.7 ಪಟ್ಟು, ಜಿರ್ಕಾನ್ 4.6 ಪಟ್ಟು, ಮೋನಜೈಟ್ 5 ಪಟ್ಟಿನಷ್ಟು. ಘಟ್ಟದ ಬಂಡೆಗಳು ಸವೆದಾಗ ಹೊಳೆಗಳು ಇವೆಲ್ಲವನ್ನೂ ಕಲಸಿ ಕಡಲಿಗೆ ಸುರಿಯುತ್ತವೆ. ಆರಿಸುವ ಕೆಲಸ ತೆರೆಯ ಪಾಲಿಗೆ.

ತೆರೆ ದಂಡೆಗೆ ನುಗ್ಗುವಾಗ ಅದರ ಬಲ ಬಹಳ. ಭಾರದ್ದು, ಹಗುರದ್ದು ಎನ್ನದೆ ಎಲ್ಲವನ್ನೂ ಎತ್ತಿ ತರುತ್ತದೆ. ಹಿಂದಿರುಗುವಾಗ ನೀರಿನ ಒಂದು ಪಾಲು ಉಸುಕಿನೊಳಗೆ ಇಂಗಿರುತ್ತದೆ. ಉಳಿದದ್ದು ತೆಳ್ಳನೆಯ ಪದರ. ಇಲ್ಲೊಂದು ಸೂಕ್ಷ್ಮವಿದೆ. ಭಾರದ ಕಣಗಳು ಸಾಮಾನ್ಯವಾಗಿ ಚಿಕ್ಕವು. ಚಿಕ್ಕ ಇಲ್ಮೆನೈಟ್ ಕಣವೂ ದೊಡ್ಡ ಬೆಣಚಿನ ಹರಳೂ ನೀರಿನಲ್ಲಿ ಒಂದೇ ವೇಗದಿಂದ ಮುಳುಗಿ ಒಂದೇ ಕಡೆ ಕೂರುವುದುಂಟು. ಹಾಗಾದರೆ ಬೇರೆಯಾಗುವುದು ಹೇಗೆ? ದೊಡ್ಡದು ತಲೆಯೆತ್ತಿ ನಿಂತಿರುತ್ತದೆ, ನೀರಿನ ಏಟು ಅದಕ್ಕೇ ಬೀಳುತ್ತದೆ, ಉರುಳಿ ಹೋಗುತ್ತದೆ. ಚಿಕ್ಕದು ಸಂದಿಯಲ್ಲಿ ಅಡಗಿ ಉಳಿಯುತ್ತದೆ. ಒಂದು ತೆರೆಯಿಂದ ಕಣ್ಣಿಗೆ ಕಾಣುವಂಥದು ಏನೂ ಆಗದು. ಆದರೆ ತೆರೆಗೆ ಪಾಳಿಯೂ ಇಲ್ಲ, ವಾರದ ರಜೆಯೂ ಇಲ್ಲ. ಸಾವಿರಾರು ವರ್ಷ ಹಗಲಿರುಳು ನಡೆದ ಕೆಲಸ ಇದು.

ಮಳೆಗಾಲದಲ್ಲಿ ತೆರೆ ರಭಸವಾದಾಗ ಬಿಳಿ ಉಸುಕು ಕಡಲೊಳಗೆ ಎಳೆದುಹೋಗಿ ದಂಡೆಯ ಮೇಲೆ ಕರಿಪದರ ಬಯಲಾಗುತ್ತದೆ. ಕಡಲು ಶಾಂತವಾದ ಮೇಲೆ ಬಿಳಿಯದು ಮರಳಿ ಬಂದು ಅದನ್ನು ಮುಚ್ಚುತ್ತದೆ. ಆದುದರಿಂದ ದಂಡೆಯನ್ನು ಅಗೆದರೆ ಕಪ್ಪು ಬಿಳುಪಿನ ಪಟ್ಟೆಗಳು ಕಾಣುತ್ತವೆ. ಇನ್ನೊಂದು ಮಾತು: ತೆರೆ ದಂಡೆಗೆ ನೇರವಾಗಿ ಬಡಿಯುವುದು ಅಪರೂಪ. ಓರೆಯಾಗಿ ಬಂದು, ಇಳಿಜಾರು ಹಿಡಿದು ನೇರ ಇಳಿಯುತ್ತದೆ; ಹೀಗೆ ಉಸುಕು ಅಡ್ಡಾದಿಡ್ಡಿ ಹೆಜ್ಜೆಯಿಟ್ಟು ದಂಡೆಯುದ್ದಕ್ಕೂ ನಡೆಯುತ್ತದೆ. ನಡುವೆ ಗೋಡೆ ಕಟ್ಟಿದರೆ ಒಂದು ಮಗ್ಗುಲಿಗೆ ರಾಶಿ, ಇನ್ನೊಂದು ಮಗ್ಗುಲಿಗೆ ಕೊರೆತ. ಈ ಕಡೆಯವನ ಲಾಭ ಆ ಕಡೆಯವನ ಮನೆಯ ಅಡಿಪಾಯದಿಂದ ಬಂದದ್ದು.

ನಮ್ಮ ರಾಜ್ಯದಲ್ಲಿ ಕಾರವಾರದ ಹತ್ತಿರ ಮಾಜಾಳಿಯ ಆಚೆ ತಿಳ್ಮಾತಿ ಎಂಬ ದಂಡೆಯಿದೆ. ಉಸುಕು ಎಳ್ಳಿನಂತೆ ಕಪ್ಪಗಿರುವುದರಿಂದ ಕೊಂಕಣಿಯಲ್ಲಿ ಆ ಹೆಸರು. ಆದರೆ ದೊಡ್ಡ ಭಂಡಾರವಿರುವುದು ಕೇರಳದ ಕೊಲ್ಲಂ ಜಿಲ್ಲೆಯ ಚವರದ ಸುತ್ತ, ನೀಂಡಕರದಿಂದ ಕಾಯಂಕುಳದವರೆಗೆ ಸುಮಾರು 22 ಕಿಲೋಮೀಟರ್. ಅಲ್ಲಿನ ತೆಂಗಿನ ನಾರಿಗೆ ಅಂಟಿ ಹೋಗಿದ್ದ ಉಸುಕಿನಲ್ಲಿ ಮೋನಜೈಟ್ ಇರುವುದನ್ನು 1909ರಲ್ಲಿ ಶಾಂಬರ್ಗ್ ಎಂಬ ಜರ್ಮನ್ ರಸಾಯನಜ್ಞ ಕಂಡುಹಿಡಿದ. ಮೋನಜೈಟಿನಲ್ಲಿ ಥೋರಿಯಂ ಇದೆ. ಹಿರಿಯ ಅಂಗಡಿಕಾರರೆ, ಮದುವೆ ಜಾತ್ರೆಗಳಿಗೆ ನೀವು ಮಾರುತ್ತಿದ್ದ ಪೆಟ್ರೋಮ್ಯಾಕ್ಸಿನ ಮ್ಯಾಂಟಲ್ ಬೆಳಗುತ್ತಿದ್ದುದು ಅದರಿಂದ! ಇಲ್ಮೆನೈಟಿನ ಕತೆ ಇನ್ನೂ ಸೋಜಿಗ: ಇದ್ದಿಲಿನಷ್ಟು ಕಪ್ಪಾದ ಆ ಉಸುಕಿನಿಂದಲೇ ಗೋಡೆಗೆ ಬಳಿಯುವ ಬಣ್ಣದ ಬಿಳುಪು ತಯಾರಾಗುವುದು.

ತೆರೆ ಕೂಲಿಯಿಲ್ಲದೆ ಆರಿಸಿಟ್ಟ ಈ ರಾಶಿ ಯಾರದು? 1950ರಲ್ಲಿ ಇಂಡಿಯನ್ ರೇರ್ ಅರ್ತ್ಸ್ ಎಂಬ ಸಂಸ್ಥೆ ಸ್ಥಾಪಿತವಾಯಿತು. 1963ರಲ್ಲಿ ಅದು ಪೂರ್ತಿಯಾಗಿ ಕೇಂದ್ರ ಸರಕಾರದ್ದಾಯಿತು. 1998ರ ನೀತಿ ಖಾಸಗಿಯವರಿಗೆ ಬಾಗಿಲು ತೆರೆಯಿತು. ಅಕ್ರಮದ ದೂರುಗಳೆದ್ದು 2013ರಲ್ಲಿ ತಮಿಳುನಾಡು ಸರಕಾರ ದಂಡೆಯ ಗಣಿಗಾರಿಕೆಯನ್ನು ತಡೆಯಿತು. 2019ರಲ್ಲಿ ಮೋನಜೈಟ್ ಇರುವ ದಂಡೆಯ ಉಸುಕನ್ನು ಕೇಂದ್ರವು ಸರಕಾರಿ ಸಂಸ್ಥೆಗಳಿಗೆ ಮೀಸಲಿಟ್ಟಿತು. ಅದು ಸರಿಯೆಂದೇ ನನ್ನ ಮತ. ಆದರೆ ಅಷ್ಟಕ್ಕೆ ಚಪ್ಪಾಳೆ ತಟ್ಟಿ ಏಳುವಂತಿಲ್ಲ. ಚವರದ ಪಕ್ಕದ ಆಲಪ್ಪಾಡ್ ಕಡಲಿಗೂ ಹಿನ್ನೀರಿಗೂ ನಡುವಿನ ಸಣ್ಣ ಪಟ್ಟಿಯ ಊರು, 2004ರ ಸುನಾಮಿಯಲ್ಲಿ ಬಹಳ ಪೆಟ್ಟು ತಿಂದ ಮೀನುಗಾರರ ಊರು. ತಮ್ಮ ನೆಲವೇ ಕಡಲಪಾಲಾಗುತ್ತಿದೆ ಎಂದು ಅವರು 2018ರ ಕೊನೆಗೆ ಸತ್ಯಾಗ್ರಹ ಹೂಡಿದ್ದು ಸರಕಾರಿ ಕಂಪನಿಗಳ ಎದುರಿಗೇ. 2019ರ ಜನವರಿಯಲ್ಲಿ ತೆರೆಯ ಅಂಚಿನಿಂದಲೇ ಉಸುಕು ಬಾಚುವುದನ್ನು ಕೇರಳ ಸರಕಾರ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಬೋರ್ಡಿನ ಮೇಲೆ ಯಾರ ಹೆಸರಿದೆ ಎಂದು ತೆರೆ ಓದುವುದಿಲ್ಲ. ಉಸುಕು ಹೋದ ಜಾಗವನ್ನು ಅದು ತುಂಬಿಕೊಳ್ಳುತ್ತದೆ.

ಇನ್ನು ಮುನಿರಾಬಾದು. ತುಂಗಭದ್ರೆ ಕೃಷ್ಣೆಯನ್ನು ಸೇರಿ ಬಂಗಾಲ ಕೊಲ್ಲಿಗೆ ಹೋಗುವವಳು. ಅವಳು ಹೊತ್ತ ಉಸುಕು, ಮಣ್ಣು ಕಡಲಿಗೆ ಸೇರಬೇಕಾದದ್ದು. ಅಣೆಕಟ್ಟು ಅದನ್ನು ತಡೆದಿದೆ. ಇಲ್ಲಿಯೂ ನೀರು ಆರಿಸುತ್ತದೆ: ಹೊಳೆ ಜಲಾಶಯಕ್ಕೆ ಬಂದು ನಿಧಾನವಾದ ಕಡೆ ದಪ್ಪ ಉಸುಕು ಬೀಳುತ್ತದೆ, ನುಣ್ಣನೆಯ ಹೂಳು ಗೋಡೆಯವರೆಗೂ ಬರುತ್ತದೆ. ಕಡಲಂಚಿನಲ್ಲಿ ಕೃಷ್ಣೆಯ ಮುಖಜಭೂಮಿ ಉಸುಕಿಲ್ಲದೆ ಕೊರೆಯುತ್ತಿದೆ. ಇತ್ತ ನಮ್ಮಲ್ಲಿ, 1953ರಲ್ಲಿ ಸುಮಾರು 133 ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯ 2016ರ ಅಳತೆಯಲ್ಲಿ 105.8ಕ್ಕೆ ಇಳಿದಿದೆ. 27 ಟಿ.ಎಂ.ಸಿ. ನೀರಿನ ಜಾಗದಲ್ಲಿ ಹೂಳು ಮಲಗಿದೆ. ಎಡದಂಡೆ ಕಾಲುವೆಯಲ್ಲಿ ಎರಡನೆಯ ಬೆಳೆಗೆ ನೀರಿಲ್ಲವೆಂದರೆ ನೆಲ್ಲು ಇಲ್ಲ. ನೆಲ್ಲು ಇಲ್ಲದಿದ್ದರೆ ಗಿರಣಿ ನಿಲ್ಲುತ್ತದೆ, ಹಮಾಲರಿಗೆ ಕೂಲಿ ಇಲ್ಲ, ಅಂಗಡಿಯಲ್ಲಿ ಉದ್ರಿಯ ಪುಸ್ತಕ ದಪ್ಪವಾಗುತ್ತದೆ. ಹೂಳಿನ ಲೆಕ್ಕವನ್ನು ಎಂಜಿನಿಯರರ ಕಾಗದದಲ್ಲಿ ಬಿಟ್ಟು ಕೂರದೆ, ಮುಂದಿನ ನೀರಾವರಿ ಸಲಹಾ ಸಮಿತಿಯ ಸಭೆಗೆ ಮೊದಲು ನಮ್ಮ ಸಂಘದಿಂದ ಅದನ್ನು ಬರೆದು ಕೇಳೋಣ.